ಪೆಟ್ಟಿಗೆ ಕಳೆದು

ದವಾಖಾನೆಯ ತಕ್ಕಡಿ ಇನ್ನೂರಕ್ಕೆ ನಿಂತುಬಿಡುತ್ತದೆ.
ನರ್ಸು ನೆಲ ನೋಡುತ್ತ ಅಂದಳಂತೆ:
ಮೀನಿನ ಕಾರ್ಖಾನೆಗೆ ಹೋಗು ಬ್ರೈಡಿ, ಅಲ್ಲಿ ದೊಡ್ಡದಿದೆ.

ಭಾನುವಾರ. ಬಂದರಿನಲ್ಲಿ ಮಂಜುಗಡ್ಡೆ ಒಂದಕ್ಕೊಂದು ತಿಕ್ಕುತ್ತಿತ್ತು.
ನ್ಯೂಫೌಂಡ್‌ಲ್ಯಾಂಡಿನ ಈ ಮೂಲೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ಏಡಿ ತೂಗುವವನು ನಾನು,
ಬೀಗದ ಕೈ ನನ್ನ ಬಳಿಯೇ ಇರುತ್ತದೆ.
ಅವಳು ಬೂಟು ಕಳಚಿದಳು, ಕಿವಿಯೋಲೆ ಕೂಡ,
ಕನ್ನಡಕ ತೆಗೆದು ನನ್ನ ಕೈಗಿಟ್ಟಳು.
ಅದೆಷ್ಟು ಗ್ರಾಮು ಇದ್ದೀತು!
ಉಪ್ಪುನೀರು ಆರದ ಕಬ್ಬಿಣದ ಹಲಗೆಯ ಮೇಲೆ
ಇನ್ನೂರ ಹದಿನಾಲ್ಕು.
ಬಾಯಿಬಿಟ್ಟು ಹೇಳಲಾರದೆ ಚೀಟಿ ಬರೆದೆ.
ಕೈಗೆ ಅಂಟಿದ ಅಭ್ಯಾಸ, ಕೆಳಗೆ
'ಪೆಟ್ಟಿಗೆ ಕಳೆದು' ಅಂತಲೂ ಗೀಚಿಬಿಟ್ಟಿದ್ದೆ.
ಓದಿ ನಕ್ಕಳು. ಹಲಗೆ ಅಲುಗಿತು, ಮುಳ್ಳೂ.

ಮೊದಲು ಸೂಜಿ. ವಾರಕ್ಕೊಂದು, ಹೊಟ್ಟೆಯ ಮಡಿಕೆಗೆ.
"ಲಿಯಾಂಡರ್, ಹುಟ್ಟಿದಾಗಿನಿಂದ ತಲೆಯೊಳಗೆ
ಯಾರೋ ಹಚ್ಚಿಟ್ಟ ರೇಡಿಯೋ,
ಬ್ರೆಡ್ಡು ಬ್ರೆಡ್ಡು ಅನ್ನುತ್ತಿದ್ದದ್ದು,
ಮಂಗಳವಾರ ಮಧ್ಯಾಹ್ನ ತಾನಾಗಿ ಆರಿತು.
ನಿಮ್ಮೆಲ್ಲರ ತಲೆ ಯಾವಾಗಲೂ ಹೀಗೇ ಸುಮ್ಮನಿತ್ತೇ?
ಮತ್ತೆ ನನಗೇಕೆ ಬೈದಿರಿ?"
ಮೂವತ್ತೊಂದು ಕಿಲೋ ಇಳಿದಳು.
ವಿಮೆಯವರು ಕೈಯೆತ್ತಿದರು.
ರೇಡಿಯೋ ಮತ್ತೆ ಹತ್ತಿತು,
ಅಸಲಿನ ಹಿಂದೆ ಬಡ್ಡಿಯೂ ಬಂತು.

ಆಮೇಲೆ ಸೇಂಟ್ ಜಾನ್ಸ್.
ಹನ್ನೊಂದು ತಾಸು ಬಸ್ಸು, ಒಬ್ಬಳಿಗೆ ಎರಡು ಟಿಕೆಟ್ಟು.
ಐದು ತೂತು. ಜಠರದ ಐದರಲ್ಲಿ ನಾಲ್ಕು ಪಾಲು ಕತ್ತರಿಸಿ
ಬಾಳೆಕಾಯಷ್ಟು ಉಳಿಸಿ ಪಿನ್ನು ಹೊಡೆದರು.

ಭಾನುವಾರದ ಹಂಡೆಯಲ್ಲಿ ಉಪ್ಪುಮಾಂಸ, ಎಲೆಕೋಸು,
ಒಂಬತ್ತು ಜನಕ್ಕೆ ಬೇಯಿಸುವುದು ಬಿಟ್ಟಿಲ್ಲ.
ಬಡಿಸಿ, ತಾನು ಮೊಟ್ಟೆಯ ಬಟ್ಟಲು ಹಿಡಿದು ಕೂರುತ್ತಾಳೆ.
ಒಂದು ತುತ್ತು ಹೆಚ್ಚಾದರೆ ಬೆವರು, ಬಚ್ಚಲು.
ಬಾಚಣಿಗೆಯಲ್ಲಿ ಕೂದಲು. ತೋಳಿನಡಿಯ ಚರ್ಮ
ಗಾಳಿ ಬಿದ್ದುಹೋದ ಹಾಯಿ.
ಮಂಡಿ ಮಾತ್ರ ಚರ್ಚಿನ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತದೆ.

ಒಂದು ಹೇಳದೆ ಉಳಿಸಿದ್ದೇನೆ.
ಮೂರನೇ ತರಗತಿಯಲ್ಲಿ ಅವಳನ್ನು ತಿಮಿಂಗಿಲ ಅಂದವರಲ್ಲಿ
ನಾನೇ ಮೊದಲಿಗ. ಹೆಸರು ಊರಿಗೇ ಹತ್ತಿತು.

ಮೇ ತಿಂಗಳಲ್ಲಿ ಮತ್ತೆ ಅದೇ ಹಲಗೆ.
ನೂರ ಇಪ್ಪತ್ತಾರು! ಈ ಸಲ ಕೂಗಿಯೇ ಹೇಳಿದೆ,
ಆ ಕೂಗಿನ ಧೈರ್ಯದಲ್ಲೇ ಅಂದೆ:
ಹಳೆಯದನ್ನೆಲ್ಲ ಹೊಟ್ಟೆಗೆ ಹಾಕಿಕೋ, ಬ್ರೈಡಿ.

ಅವಳು ಬಗ್ಗಿ, ತಾನೇ,
ಬೂಟಿನ ದಾರ ಕಟ್ಟುತ್ತಿದ್ದಳು.
"ನಲವತ್ತು ವರ್ಷ ಹಾಕಿಕೊಂಡೆನಲ್ಲ.
ಈಗ ಅಲ್ಲಿ ಅಷ್ಟು ಜಾಗವಿಲ್ಲ ಮಾರಾಯ.
ಇವತ್ತಿಗೆ ಒಂದು ಚಮಚ.
ಉಳಿದದ್ದಕ್ಕೆ ನಾಳೆ ಬಾ."