ಬಾಗಿಲಿನ ಈಚೆ

ಗಣಿ ಮುಚ್ಚಿದ ವರ್ಷವೇ ನಾನು ಹುಟ್ಟಿದ್ದು.
ಆಮೇಲೆ ವೇಲ್ಸಿನ ಈ ಕಣಿವೆಯಲ್ಲಿ
ಲಾಭ ಕೇಳುವವರು ಯಾರೂ ಉಳಿಯಲಿಲ್ಲ ಎನ್ನುತ್ತಿದ್ದಳು ಅಮ್ಮ,
ಸೌಟು ತೊಳೆಯುತ್ತ. ಉಳಿದವರೆಲ್ಲ ಪುಣ್ಯಾತ್ಮರು.

ಅಕ್ಕ ನೆರಿಸ್ ಹಾಸ್ಪೀಸಿನ ಅಂಗಡಿಯಲ್ಲಿ
ಸತ್ತವರ ಕೋಟುಗಳಿಗೆ ಬೆಲೆಚೀಟಿ ಕಟ್ಟುತ್ತಾಳೆ.
ಜೇಬಿನಲ್ಲಿ ಒಮ್ಮೊಮ್ಮೆ ಪೆಪ್ಪರ್‌ಮಿಂಟು, ಮಾಸಿದ ಬಸ್ಸಿನ ಚೀಟಿ.
ಭಾವ ವಸತಿ ಸಂಘದ ವ್ಯಾನಿನಲ್ಲಿ
ಬೂಸ್ಟು ಹಿಡಿದ ಗೋಡೆ ಕೆರೆಯಲು ಹೋಗುತ್ತಾನೆ.
ಪಕ್ಕದ ಮನೆಯ ಹುಡುಗ ಗಣಿ ಮ್ಯೂಸಿಯಮ್ಮಿನಲ್ಲಿ
ಹಣೆಗೆ ದೀಪ ಕಟ್ಟಿಕೊಂಡು, ತಾನೆಂದೂ ಅಗೆಯದ ಕಲ್ಲಿದ್ದಲ ಕಥೆ ಹೇಳುತ್ತಾನೆ;
ಹೊಸ ಬ್ಯಾಟರಿ ಬೇಕಾದರೆ ಟ್ರಸ್ಟು ಅರ್ಜಿ ಹಾಕಬೇಕು.

ನಾನು ಯೂನಿಯನ್ ಆಫೀಸಿನಲ್ಲಿ.
ಹತ್ತೊಂಬತ್ತು ವರ್ಷ.
"ಕೆಳಗೆ ಸಹಿ ಮಾಡಿರುವ ನಾವು" –
ಬೇಕರಿಯವರಿಗೆ, ಬಸ್ಸಿನವರಿಗೆ, ನರ್ಸುಗಳಿಗೆ ಬರೆದುಕೊಟ್ಟವಳು.
ಬೇರೆಯವರ ಸಿಟ್ಟಿಗೆ ಅಲ್ಪವಿರಾಮ ಹಾಕುವುದು ನನ್ನ ಹೊಟ್ಟೆಪಾಡು.

ಈ ಮಾರ್ಚಿನಲ್ಲಿ ಅದೇ ಸಾಲಿನ ಕೆಳಗೆ
ನನ್ನ ಹೆಸರು ಹಾಕಿದೆ, ನೆಸ್ಟಾ.
ಲೆಕ್ಕ ಬರೆಯುವ ಕೈನ್ವೆನ್, ನೆಲ ಒರೆಸುವ ಡೆನ್ಜಿಲ್. ಮೂವರೇ.
ಕಾರ್ಯದರ್ಶಿ ಗೆಥಿನ್ ಪಾರ್ಫಿಟ್ ಉತ್ತರ ಬರೆದ:
ಸದ್ಯದ ಪರಿಸ್ಥಿತಿ, ನಾವೆಲ್ಲ ಒಂದೇ ಕುಟುಂಬ.
ಈ ವಾಕ್ಯ ನನಗೆ ಗೊತ್ತು. ಮೂರನೆಯ ಡ್ರಾಯರು,
ಬೇಕರಿ ಮಾಲೀಕನ ಕಡತ, ಕೆಂಪು ಶಾಯಿಯ ಅಂಕಿ ನಾನೇ ಹಾಕಿದ್ದು.
ಆತ ಕದ್ದನೆನ್ನಲಾರೆ.
ಸಂಬಳ ಕೊಡುವ ಕೈಗೆ ಇರುವುದು ಅದೊಂದೇ ಭಾಷೆಯೇನೋ.
ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ,
ನಾವು ಮೂವರೂ ಆ ಬುಡದಲ್ಲೇ ಕೂತು ಎಣ್ಣೆ ಹೊಯ್ದವರು.

ಫಲಕಗಳಿರುವ ಕೋಣೆಯ ಬೀಗದ ಕೈ ನನ್ನ ಬಳಿಯೇ.
ಶುಕ್ರವಾರವೇ ಮೂರು ತೆಗೆದಿಟ್ಟೆ,
ರಿಜಿಸ್ಟರಿನಲ್ಲಿ ಸಹಿ ಹಾಕಿ.
ಬಿಳಿ ಬಣ್ಣ ಬಳಿದರೂ ಒಂದರ ಅಡಿಯಿಂದ
ಹಳೆಯ "ಬ್ರೆಡ್ಡು" ಇಣುಕುತ್ತಿತ್ತು.

ಸೋಮವಾರ, ಒಂಬತ್ತಕ್ಕೆ ಹತ್ತು ನಿಮಿಷ.
ಗೆಥಿನ್ ಕಾರಿನಿಂದ ಇಳಿದ, ನಮ್ಮನ್ನು ಕಂಡ, ನಿಂತ.
ಯಾರೂ ಅಡ್ಡ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ.
ಅವನಜ್ಜನ ಕಾಲದಲ್ಲಿ ಮುಷ್ಕರದ ಗೆರೆ ದಾಟಿದವನೊಬ್ಬನ ಜತೆ
ಈ ಬೀದಿ ನಲವತ್ತು ವರ್ಷ ಮಾತಾಡಲಿಲ್ಲ;
ಅವನ ನಾಯಿಯನ್ನೂ ಯಾರೂ ಸವರಲಿಲ್ಲ.
ಗೆಥಿನ್ ಎಂದೂ ಯಾವ ಗೆರೆಯನ್ನೂ ದಾಟಿದವನಲ್ಲ.
ತನ್ನದೇ ಆಫೀಸು, ತನ್ನದೇ ಬಾಗಿಲು,
ನಮ್ಮ ಪಕ್ಕ ಬಂದು ನಿಂತ, ತುಸು ದೂರದಲ್ಲಿ,
ಬೀಗರ ಮನೆಗೆ ಕರೆಯದೆ ಬಂದವನ ಹಾಗೆ.

"ಕನ್ನಡಕ ಒಳಗಿದೆ" ಎಂದ.
"ಮೇಜಿನ ಮೇಲೆ. ನಿಮ್ಮ ಪತ್ರದ ಮೇಲೇ."
"ಹಾಗಾದರೆ ಓದಿದಿರಿ."
"ಅರ್ಧ."
ತಂದುಕೊಡಲು ನನ್ನ ಕಾಲು ತಾನಾಗಿ ಎದ್ದಿತ್ತು,
ಹತ್ತೊಂಬತ್ತು ವರ್ಷದ ಅಭ್ಯಾಸ.
ಡೆನ್ಜಿಲ್ ಕೆಮ್ಮಿದ.
ಕಾಲು ಕೆಳಗಿಟ್ಟೆ.

ಜಿಟಿಜಿಟಿ ಶುರುವಾಯಿತು. ಕೈನ್ವೆನ್
ಫ್ಲಾಸ್ಕಿನ ಮುಚ್ಚಳದಲ್ಲಿ ಅವನಿಗೂ ಟೀ ಬಗ್ಗಿಸಿದಳು.
"ಇದರಲ್ಲಿ ಏನು ಬರೆದಿದೆ?" ಫಲಕಕ್ಕೆ ಕಣ್ಣು ಕಿರಿದು ಮಾಡಿದ.
ಓದಿ ಹೇಳಿದೆ.
"ಎಷ್ಟಾದರೆ ಸಾಕು, ನೆಸ್ಟಾ?"
ಆ ಪ್ರಶ್ನೆಗೆ ಬೀದಿಯಲ್ಲಿ ಉತ್ತರ ಹೇಳಬಾರದು ಎಂದು
ನನಗೆ ಕಲಿಸಿದವನೇ ಆತ.
ಸುಮ್ಮನಿದ್ದೆ. ಅವನಿಗೆ, ಒಂದು ಗಳಿಗೆ, ಖುಷಿಯಾದಂತಿತ್ತು.

ಆಗ ಒಳಗೆ ಫೋನು.
ಅದು ನೆರಿಸ್ ಇರಬೇಕು. ಅಂಗಡಿಯಲ್ಲಿ ಅವಳ ಗುರುವಾರ ಕಡಿತವಾಗಿದೆ,
ಸೋಮವಾರ ಯೂನಿಯನ್ನಿಗೆ ಮಾಡುತ್ತೇನೆ ಎಂದಿದ್ದಳು.
ಅಥವಾ ಬೇರೆ ಯಾರೋ.
ನಾಲ್ವರೂ ಬಾಗಿಲು ನೋಡುತ್ತ ಎಣಿಸಿದೆವು.
ಹನ್ನೊಂದು ಸಲ.

ನಿಂತಿತು.
ಡೆನ್ಜಿಲ್ ಫಲಕವನ್ನು ಇನ್ನೊಂದು ಭುಜಕ್ಕೆ ಬದಲಿಸಿದ.
ಮತ್ತೆ ಹೊಡೆದುಕೊಳ್ಳತೊಡಗಿತು.