ತೊಂಬತ್ತಾರು ಗುಳಿ

ಚೆನ್ನೆಮಣೆಗೆ ಹದಿನಾಲ್ಕು ಗುಳಿ, ನನ್ನ ತಟ್ಟೆಗೆ ತೊಂಬತ್ತಾರು.
ಆಡುವವಳು ಒಬ್ಬಳೇ.
ಗುಳಿಗೊಬ್ಬಳಂತೆ ಹೆಂಗಸರ ರಕ್ತದ ತಿಳಿ,
ಬೆರಳ ತುದಿಗೆ ಹತ್ತಿದ ಎಣ್ಣೆಯಷ್ಟು.

ಕಾರವಾರದ ಈ ಕೋಣೆಯ ಕಿಟಕಿ ತೆರೆದರೆ ಬೈತಖೋಲದ ಗಾಳಿ:
ಡೀಸೆಲ್, ಮಂಜುಗಡ್ಡೆ, ಒಣಗಲು ಹಾಕಿದ ಬಲೆ.
ತೆರೆಯುವುದಿಲ್ಲ.
ಸೆಕೆ ಏರಿದರೆ ಬಣ್ಣ ಸುಳ್ಳು ಹೇಳುತ್ತದೆ.

ಮೂರು ಕಂಪನಿಯ ಕಿಟ್ ಬಂದಿವೆ,
ಯಾವುದು ಇರಲಿ ನೀವೇ ನೋಡಿ, ಎಂದರು ಡಾಕ್ಟರ್ ಪೆಡ್ನೇಕರ.
ಫ್ರೀಜರಿನಿಂದ ಎಂಬತ್ತು ಹಳೆಯ ಸೀರಮ್ ತೆಗೆದೆ,
ಯಾರಿಗೆ ರುಬೆಲ್ಲಾ ಬಂದಿತ್ತು, ಯಾರಿಗಿಲ್ಲ,
ರಿಜಿಸ್ಟರಿಗೆ ಆಗಲೇ ಗೊತ್ತಿರುವವರದು.

ಮೊದಲನೆಯದು ಒಬ್ಬರನ್ನೂ ಬಿಡಲಿಲ್ಲ.
ಏನೂ ಇಲ್ಲದ ಒಂಬತ್ತು ಮಂದಿಯನ್ನೂ ಎಳೆದು ತಂದಿತು,
ಸಣ್ಣ ಕಣ್ಣಿನ ಬಲೆ, ಮರಿಯೂ ಬೇಕು ಕಸವೂ ಬೇಕು.
ಎರಡನೆಯದು ಮರ್ಯಾದಸ್ಥ, ಸುಳ್ಳು ಆರೋಪ ಒಂದೂ ಇಲ್ಲ,
ಮೂವರನ್ನು ಮಾತ್ರ ಸುಮ್ಮನೆ ಹೋಗಗೊಟ್ಟಿತು.
ಆ ಮೂವರಲ್ಲಿ ಒಬ್ಬಳ ಮಗ
ಕಿವಿಯ ಹಿಂದೆ ಯಂತ್ರ ಸಿಕ್ಕಿಸಿಕೊಂಡು ಕೋಡಿಬಾಗದ ಶಾಲೆಗೆ ಹೋಗುತ್ತಾನೆ.
ಅದನ್ನು ತೆಗೆದಿಟ್ಟ ರಾತ್ರಿ ನೆಲ ತಟ್ಟಿ ಕರೆಯಬೇಕು.
ಮೂರನೆಯದರ ಬಗ್ಗೆ ಹೇಳುವಂಥದ್ದೇನಿಲ್ಲ, ಬೆಲೆಯ ಹೊರತು.

ಈ ನಡುವೆ ಬಂದಳು ಸುನೇತ್ರಾ ಉಳ್ವೇಕರ, ಹನ್ನೊಂದನೇ ವಾರ.
ಖಾಸಗಿ ಲ್ಯಾಬಿನ ಚೀಟಿ ನಾಲ್ಕು ಮಡಿಕೆಯಾಗಿ ಮುಷ್ಟಿಯಲ್ಲಿ: ಪಾಸಿಟಿವ್.
ತೆಗೆಸಿಬಿಡು ಎಂದಳಂತೆ ಅತ್ತೆ.
"ಅಕ್ಕಾ, ಯಾವ ಮಿಷನ್ ನಿಜ ಹೇಳ್ತದೆ?"
ಎಲ್ಲವೂ ನಿಜ ಹೇಳುತ್ತವೆ, ನೂರಕ್ಕೆ ಇಷ್ಟು ಸಲ.
ಎಷ್ಟು ಸಲ ಎಂದು ಎಣಿಸುವುದು ನನ್ನ ಕೆಲಸ.
ಇದನ್ನು ಅವಳಿಗೆ ಹೇಳಲಿಲ್ಲ. ಕೂತ್ಕೊ ಎಂದೆ.

ಅವಳ ತಿಳಿಯನ್ನು ಯೂರಿಯಾದಲ್ಲಿ ತೊಳೆದೆ.
ಮೊನ್ನೆ ಹುಟ್ಟಿದ ಪ್ರತಿಕಾಯಕ್ಕೆ ಹಿಡಿತ ಸಾಲದು,
ಹೊಸ ಖಲಾಸಿ ಹಾಕಿದ ಗಂಟು, ಒಂದೇ ಸೆಳೆತಕ್ಕೆ ಬಿಚ್ಚಿಕೊಳ್ಳುತ್ತದೆ.
ಹಳೆಯದು ಬಿಡುವುದಿಲ್ಲ.
ಅಪ್ಪ ಕಟ್ಟಿದ ಗಂಟನ್ನು ಅವನು ಹೋದಮೇಲೆ
ಕತ್ತಿಯಿಂದಲೇ ಕೊಯ್ಯಬೇಕಾಯಿತು ನಾವು.

ಆಮ್ಲ ಬಿಟ್ಟೆ. ನೀಲಿ ಹಳದಿಗೆ ತಿರುಗಿತು.
ತೊಳೆದ ಗುಳಿ, ತೊಳೆಯದ ಗುಳಿ,
ಎರಡೂ ಹೆಚ್ಚುಕಮ್ಮಿ ಒಂದೇ ಹಳದಿ.
ಅಂದರೆ ಎಂದೋ ಬಂದು ಹೋದದ್ದು,
ಚಿಕ್ಕಂದಿನ ಯಾವುದೋ ಮೂರು ದಿನದ ಜ್ವರ,
ಇಲ್ಲವೆ ಶಾಲೆಯಲ್ಲಿ ಸಾಲು ನಿಲ್ಲಿಸಿ ಚುಚ್ಚಿದ ಸೂಜಿ.
ಕೇಳಿದರೆ ನೆನಪಿಲ್ಲ ಎಂದಳು.

ಮತ್ತೊಮ್ಮೆ ಮಾಡಿದೆ. ಮೂರನೇ ಸಲವೂ.
ಪೈಪೆಟ್ ಹಿಡಿದ ಕೈಯನ್ನೂ ಅಳೆಯಬೇಕಲ್ಲ.

ಹತ್ತು ದಿನ ಬಿಟ್ಟು ಇನ್ನೊಮ್ಮೆ ರಕ್ತ ಕೊಡಲಿ ಎಂದು ಬರೆದೆ.
ಅಲ್ಲಿಯವರೆಗೆ ತೆಗೆಸುವ ಮಾತು ಬೇಡ, ಡಾಕ್ಟರನ್ನು ಕಾಣು,
ಇದನ್ನು ಬಾಯಲ್ಲಿ ಹೇಳಿದೆ,
ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಸಂಜೆ ಪೆಡ್ನೇಕರರ ಮೇಜಿನ ಮೇಲೆ ನನ್ನ ಹಾಳೆ:
ಮೊದಲನೆಯದೇ ಇರಲಿ, ಜೊತೆಗೆ ಯೂರಿಯಾ ಬಾಟಲಿ,
ಹಿಡಿದದ್ದನ್ನೆಲ್ಲ ತೊಳೆದು ನೋಡಲು ಒಬ್ಬಳು ಇರುವತನಕ.

ತಟ್ಟೆಯ ಮೂಲೆಗೆ ಒಂದು ಗುಳಿ,
ಯಾರ ರಕ್ತವನ್ನೂ ಹಾಕದ್ದು.
ಓದುವ ಯಂತ್ರ ಅದಕ್ಕೂ ಒಂದು ಸಂಖ್ಯೆ ಕೊಟ್ಟಿತ್ತು.