ಹದಿನೇಳನೇ ರೂಮಿನ ಮುಂದೆ

ಸೋಡಾ ನೀರು ತಿಂದ ನನ್ನ ಕೈಗೆ ಈ ದಾರಿ ಗೊತ್ತು.
ಇಸುಬಿಗೆ ಹನ್ನೊಂದು ವರ್ಷ, ಮಗಳಿಗಿಂತ ಎರಡು ಹೆಚ್ಚು.
ಅದಕ್ಕೇ ಮೇಲಿನ ಮನೆಯ ಜಪಾನಿನ ಹೆಂಗಸು
ಬಟ್ಟೆ ತರದೆ, ಊದಿದ ಮುಖ ಹೊತ್ತು
ಇಸ್ತ್ರಿ ಗಾಡಿಯ ಮುಂದೆ ನಿಂತಾಗ
ಕೆಂಡಕ್ಕೆ ಬೂದಿ ಮುಚ್ಚಿ ಹೊರಟೆ.

"ಹೆಸರು?" ಚೀಟಿ ಬರೆಯುವವನು ತಲೆ ಎತ್ತಲಿಲ್ಲ.
ಚಿಹಾರು, ಅಂದಳು.
ಅವನು ಬರೆದ: ಚಿ. ಹಾರು.
ಲಗ್ನಪತ್ರಿಕೆಯಲ್ಲಿ ಇಡುವಂಥ ಚುಕ್ಕೆ.
"ತಂದೆ, ಇಲ್ಲಾ ಗಂಡ?"
ಇಬ್ಬರೂ ದೂರ, ಅಂದೆ ನಾನು.
ಅದಕ್ಕೆ ಕಾಲಂ ಇರಲಿಲ್ಲ, ಗೀಟು ಎಳೆದ.
ಹತ್ತರ ನೋಟನ್ನು ಅವಳು ಎರಡೂ ಕೈಯಲ್ಲಿ ಹಿಡಿದು,
ತಲೆ ಬಗ್ಗಿಸಿ ಕೊಟ್ಟಾಗ
ಪಾಪ, ಅವನೂ ಸೀಟಿನಿಂದ ಅರ್ಧ ಎದ್ದ.

ಬೆಂಚಿನ ಮೇಲೆ
ಚಿಬ್ಬು, ಗಜಕರ್ಣ, ಸರ್ಪಸುತ್ತು, ಹುಳುಕಡ್ಡಿ,
ಜಾಗ ಮಾಡಿಕೊಟ್ಟವು.
ಇಲ್ಲಿ ಯಾರೂ ಕಣ್ಣು ನೋಡಿ ಮಾತಾಡುವುದಿಲ್ಲ,
ಮೊದಲು ಮೊಣಕೈ, ಕತ್ತು, ಕಿವಿಯ ಹಿಂದೆ.
ತೊನ್ನಿನ ತಾತ ಅವಳ ಕೆನ್ನೆಗೆ ಹೇಳಿದ:
"ಬದನೆಕಾಯಿ ನಂಜು, ತಿನ್ನಬೇಡವ್ವಾ."
ಅವಳು ಅದಕ್ಕೂ ತಲೆ ಬಗ್ಗಿಸಿದಳು.

ಒಳಗೆ, ಎಳೆಯ ಡಾಕ್ಟರಮ್ಮ.
ಅವಳ ಫೋನು ಕನ್ನಡದಲ್ಲಿ ಉಲಿಯಿತು:
"ನನ್ನ ಚರ್ಮಕ್ಕೆ ಬೇಸರವಾಗಿದೆ."
ಯಾರೂ ನಗಲಿಲ್ಲ, ನಾನು ಸ್ವಲ್ಪ.
ಆಗ ಫೋನು ಕೆಳಗಿಟ್ಟು, ಕೆನ್ನೆಯ ಹತ್ತಿರ ಬೆರಳು ಕುಣಿಸಿ
"ಚಿಕುಚಿಕು" ಅಂದಳು.
ಸೂಜಿ ಚುಚ್ಚಿದ ಹಾಗಂತೆ, ಅಂದೆ.
"ಹಿರಿಹಿರಿ."
ಚುರುಚುರು ಉರಿಯಂತೆ, ಮೆಣಸಿನಕಾಯಿ ಕೈ ತಾಗಿದ ಥರ.
"ಮುಜುಮುಜು."
ಅದಾ, ಒಳಗೇ ಇರುವೆ ಹರಿದಾಡೋದು,
ರಾತ್ರಿ ದೀಪ ಆರಿಸಿದ ಮೇಲೆ ಬರುತ್ತಲ್ಲ, ಅದು.
"ನಿಮಗೆ ಜಪಾನಿ ಬರುತ್ತಾ?"
ಇಲ್ಲ ಮೇಡಂ, ನವೆ ಬರುತ್ತೆ.

"ಮನೆ ಪಕ್ಕ ಖಾಲಿ ಸೈಟಿದೆಯಾ?"
ಇದೆ. ಸೊಂಟದೆತ್ತರ ಕಾಂಗ್ರೆಸ್ ಗಿಡ.
ಅದೇ, ಅಂದರು. ಅದರ ಪುಡಿ, ಗಾಳಿ, ಬಿಸಿಲು.
ಯಾವ ದೇಶದಿಂದಲೋ ಬಂದದ್ದಂತೆ ಅದೂ,
ಯಾವ ಮೂಟೆಯ ಸಂದಿಯಲ್ಲೋ.
ಖಾತೆಯಿಲ್ಲ, ಕಂದಾಯವಿಲ್ಲ,
ಇಡೀ ಲೇಔಟು ಅದರದ್ದೇ.
ಇವಳ ವೀಸಾ ಮಾತ್ರ ಮಾರ್ಚಿಗೆ ಮುಗಿಯುತ್ತೆ.

ಒಂದೇ ಟ್ಯೂಬು ಇಬ್ಬರಿಗೂ ಬರೆದರು.
"ಕೆರೆಯಬೇಡಿ" ಅನ್ನುವುದೂ ಇಬ್ಬರಿಗೂ.

ಬಸ್ಸಲ್ಲಿ ಹೆಬ್ಬಾಳ ದಾಟುವ ಮೊದಲೇ
ಅವಳ ಕೈ ಕೆನ್ನೆಗೆ ಹೋಯಿತು. ಪಟ್ಟನೆ ಹೊಡೆದೆ.
ಸುಮ್ಮನಾದಳು.
ಕೊಡಿಗೇಹಳ್ಳಿ ಹತ್ತಿರ ನನ್ನ ಉಗುರು ಅಂಗೈಗೆ ಇಳಿದಿತ್ತು,
ನನಗೇ ಗೊತ್ತಿಲ್ಲ;
ಪಟ್ಟನೆ ಒಂದು ಬಿತ್ತು.
ಎದುರು ಸೀಟಿನ ಹುಡುಗಿ ನಮ್ಮನ್ನು ಬಿಟ್ಟ ಕಣ್ಣು ಬಿಟ್ಟು ನೋಡಿದಳು.

ಇಳಿದಾಗ ನಾಲ್ಕು ಗಂಟೆ.
ಸ್ಟಾಪಿನ ಪಕ್ಕದ ಸೈಟಲ್ಲಿ
ಅದು ಬೆಳ್ಳಗೆ ಹೂ ಬಿಟ್ಟಿತ್ತು,
ಚೆನ್ನಾಗೇ ಕಾಣುತ್ತಿತ್ತು.
ಉಸಿರು ಹಿಡಿದು ದಾಟಿದೆವು.